ಪುಣೆಯ ಪೊಟರೆ, ಮಾರಿಷಸ್ಸಿನ ಗಿಣಿ

ಗಿಣಿ ಸಾಕುವುದು ಅಪರಾಧ ಎಂದರೆ ಪುಣೆಯಲ್ಲಿ ಇಂದಿಗೂ ನಂಬದವರೇ ಹೆಚ್ಚು. ಸದಾಶಿವ ಪೇಠೆಯ ಹಳೆಯ ವಾಡೆಯ ಅಂಗಳದಿಂದ ಹಿಡಿದು ಕೋಥ್ರೂಡಿನ ಅಪಾರ್ಟ್‌ಮೆಂಟಿನ ಬಾಲ್ಕನಿಯವರೆಗೆ, ತಂತಿಯ ಪಂಜರದೊಳಗಿನ ಮಿಠೂ ಈ ಊರಿಗೆ ಹೊಸಬನಲ್ಲ. ಅದಕ್ಕೆ ಹಸಿಮೆಣಸಿನಕಾಯಿ ಕೊಡುತ್ತಾರೆ, ನೆನೆಸಿದ ಕಡಲೆಬೇಳೆ ಕೊಡುತ್ತಾರೆ, ಬಂದ ನೆಂಟರ ಎದುರು ‘ರಾಮ ರಾಮ’ ಎನ್ನಿಸುತ್ತಾರೆ. ಮಧುರೆಯ ಮೀನಾಕ್ಷಿಯ ಕೈಯಲ್ಲಿರುವ ಹಕ್ಕಿ, ಶುಕಮುನಿಯ ಹೆಸರಿನ ಹಕ್ಕಿ ಮನೆಯಲ್ಲಿದ್ದರೆ ಒಳ್ಳೆಯದೇ ಆಗುತ್ತದೆ ಎಂಬ ನಂಬಿಕೆ ಬೇರೆ. ಹೀಗೆ ಸಾಕುವವರು ಕ್ರೂರಿಗಳಲ್ಲ. ಬಹುಪಾಲು ಜನ ಆ ಹಕ್ಕಿಯನ್ನು ನಿಜವಾಗಿಯೂ ಪ್ರೀತಿಸುತ್ತಾರೆ. ಗಿಣಿಗಳ ಸಂರಕ್ಷಣೆ ಇಷ್ಟು ಕಷ್ಟದ ಕೆಲಸವಾಗಿರುವುದು ಅದರಿಂದಲೇ.

ಕಾನೂನು ಮಾತ್ರ ಸ್ಪಷ್ಟವಾಗಿದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ನಮ್ಮ ದೇಶದ ಕಾಡುಗಿಣಿಗಳನ್ನು ಹಿಡಿಯುವಂತಿಲ್ಲ, ಮಾರುವಂತಿಲ್ಲ, ಕೊಳ್ಳುವಂತಿಲ್ಲ, ಮನೆಯಲ್ಲಿ ಇಟ್ಟುಕೊಳ್ಳುವಂತೆಯೂ ಇಲ್ಲ. ದೇಶೀ ಕಾಡುಹಕ್ಕಿಗಳ ವ್ಯಾಪಾರಕ್ಕೆ 1990ರ ದಶಕದ ಆರಂಭದಲ್ಲೇ ಪೂರ್ಣ ನಿಷೇಧ ಬಿತ್ತು. 2022ರ ತಿದ್ದುಪಡಿ 2023ರ ಏಪ್ರಿಲ್ 1ರಂದು ಜಾರಿಯಾದಾಗ, ಅದುವರೆಗೆ ನಾಲ್ಕನೇ ಅನುಸೂಚಿಯಲ್ಲಿದ್ದ ಸಾಮಾನ್ಯ ಗಿಣಿ ಎರಡನೇ ಅನುಸೂಚಿಗೆ ಏರಿತು. ತಪ್ಪು ಸಾಬೀತಾದರೆ ಮೂರು ವರ್ಷದವರೆಗೆ ಸೆರೆ, ಒಂದು ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ ಆಗಬಹುದು.

ಇದನ್ನು ಹೇಳಿದಾಗಲೆಲ್ಲ ಎದುರಾಗುವ ಪ್ರಶ್ನೆ ಒಂದೇ: ‘ಇಷ್ಟೊಂದು ಇವೆಯಲ್ಲ, ಒಂದು ಹಿಡಿದರೆ ಏನಾಯಿತು?’ ಪ್ರಶ್ನೆ ಅಪ್ರಾಮಾಣಿಕವಾದದ್ದಲ್ಲ. ಸಂಜೆ ಹೊತ್ತಿಗೆ ಗಣೇಶಖಿಂಡದ ವಿಶ್ವವಿದ್ಯಾಲಯದ ಆವರಣದಲ್ಲೋ ಎಂಪ್ರೆಸ್ ಗಾರ್ಡನ್ನಿನಲ್ಲೋ ನಿಂತರೆ ತಲೆಯ ಮೇಲೆ ಕಿರುಚಾಡುತ್ತ ಹಾದುಹೋಗುವ ಹಸಿರು ಹಿಂಡುಗಳನ್ನು ನೋಡಿ ಯಾರಿಗೂ ಈ ಪಕ್ಷಿಗೆ ಅಪಾಯವಿದೆ ಎನ್ನಿಸುವುದಿಲ್ಲ. ದಾಳಿಂಬೆ, ಪೇರಲ ಬೆಳೆಯುವ ರೈತರಿಗಂತೂ ಇದು ತೀರಾ ಹೆಚ್ಚಾಗಿದೆ ಎಂದೇ ಅನ್ನಿಸುತ್ತದೆ. ಕೆಂಪು ಕೊಕ್ಕಿನ, ಗಂಡಿಗೆ ಕತ್ತಿನ ಸುತ್ತ ಕಪ್ಪು–ಗುಲಾಬಿ ಪಟ್ಟಿಯಿರುವ, ಮರಾಠಿಯವರು ‘ರಾಘೂ’ ಎಂದು ಕರೆಯುವ ಈ ಗಿಣಿ ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟದ ಕೆಂಪು ಪಟ್ಟಿಯಲ್ಲೂ ‘ಚಿಂತೆಯಿಲ್ಲ’ ಎಂಬ ವರ್ಗದಲ್ಲೇ ಇದೆ.

ಆದರೆ ಸಂಖ್ಯೆಯ ಭರವಸೆ ಗಿಣಿಗಳ ಮಟ್ಟಿಗೆ ಬಹಳ ಸಲ ಕೈಕೊಟ್ಟಿದೆ. ಆಫ್ರಿಕಾದ ಬೂದುಗಿಣಿಯನ್ನೇ ನೋಡಿ. ಘಾನಾ ದೇಶದಲ್ಲಿ ಒಂದು ಕಾಲಕ್ಕೆ ಸಾವಿರಗಟ್ಟಲೆ ಸೇರಿ ರಾತ್ರಿ ಕಳೆಯುತ್ತಿದ್ದ ಹಕ್ಕಿ ಅದು. 1990ರ ದಶಕದ ಆರಂಭದಿಂದ ಎರಡು ದಶಕಗಳೊಳಗೆ ಅಲ್ಲಿ ಅದರ ಸಂಖ್ಯೆ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಕುಸಿಯಿತು. ಮರಗಳು ಹೋದವು, ಉಳಿದ ಹಕ್ಕಿಗಳನ್ನು ಸಾಕುಪ್ರಾಣಿ ಮಾರುಕಟ್ಟೆ ಎತ್ತಿಕೊಂಡು ಹೋಯಿತು. 2016ರಲ್ಲಿ ಜಗತ್ತಿನ ದೇಶಗಳು ಅದರ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ಅತ್ಯಂತ ಕಟ್ಟುನಿಟ್ಟಿನ ನಿರ್ಬಂಧ ಹಾಕಬೇಕಾಯಿತು. ಜಗತ್ತಿನಲ್ಲಿರುವ ಸುಮಾರು 400 ಜಾತಿಯ ಗಿಣಿಗಳಲ್ಲಿ ನಾಲ್ಕರಲ್ಲಿ ಒಂದಕ್ಕಿಂತ ಹೆಚ್ಚು ಅಳಿವಿನ ಭೀತಿಯಲ್ಲಿವೆ. ಇಷ್ಟು ದೊಡ್ಡ ಪಾಲು ಅಪಾಯದಲ್ಲಿರುವ ಹಕ್ಕಿಗಳ ಗುಂಪುಗಳು ಹೆಚ್ಚಿಲ್ಲ.

ನಮ್ಮ ರಾಘೂವಿನ ತೀರಾ ಹತ್ತಿರದ ಬಂಧುವೊಂದು ಹೀಗೆ ಅಂಚಿಗೆ ಹೋಗಿ ಮರಳಿದೆ. ಅದರ ಕಥೆಯನ್ನು ಪುಣೆಯವರೂ ಕರ್ನಾಟಕದವರೂ ತಿಳಿಯಬೇಕು.

ಮುಂಬಯಿಯಿಂದ ಹಡಗು ಹತ್ತಿ ಮರಾಠಿ ಕೂಲಿಕಾರರು 19ನೇ ಶತಮಾನದಲ್ಲಿ ಕಬ್ಬಿನ ತೋಟಗಳಿಗೆ ಹೋದ ದ್ವೀಪ ಮಾರಿಷಸ್. ಡೋಡೋ ಹಕ್ಕಿ ಅಳಿದುಹೋದದ್ದೂ ಅಲ್ಲಿಯೇ. ಆ ದ್ವೀಪಕ್ಕೆ ತನ್ನದೇ ಆದ ಒಂದು ಗಿಣಿಯಿದೆ. ಹೆಸರು ಎಕೋ ಗಿಣಿ. ನೋಡಿದರೆ ನಮ್ಮ ಗಿಣಿಯೇ ಅನ್ನಬೇಕು: ಅದೇ ಹಸಿರು, ಗಂಡಿನ ಕತ್ತಿಗೆ ಅದೇ ಪಟ್ಟಿ, ಮೈಕಟ್ಟು ಮಾತ್ರ ತುಸು ದಪ್ಪ, ಬಾಲ ಮೋಟು, ಹೆಣ್ಣಿನ ಕೊಕ್ಕು ಕಪ್ಪು. ಲಕ್ಷಾಂತರ ವರ್ಷಗಳ ಹಿಂದೆ ಸಮುದ್ರ ದಾಟಿ ಹೋದ ಗಿಣಿಗಳ ಸಂತತಿ ಅದು. ಆನುವಂಶಿಕ ಅಧ್ಯಯನಗಳು ಅದನ್ನು ಭಾರತದ ಗಿಣಿಯ ಪಕ್ಕದಲ್ಲೇ ಇರಿಸುತ್ತವೆ. ಮಾರಿಷಸ್, ರಿಯೂನಿಯನ್, ರಾಡ್ರಿಗಸ್ ದ್ವೀಪಗಳಲ್ಲಿ ಹಿಂದೆ ಹಲವು ಬಗೆಯ ಗಿಣಿಗಳಿದ್ದವು. ರಾಡ್ರಿಗಸ್ಸಿನ ಗಿಣಿಯ ಕೊನೆಯ ಮಾದರಿ ಸಿಕ್ಕಿದ್ದು 1875ರಲ್ಲಿ. ಈಗ ಉಳಿದಿರುವುದು ಎಕೋ ಒಂದೇ.

1980ರ ದಶಕದ ಮಧ್ಯಕ್ಕೆ ಆ ಒಂದರ ಲೆಕ್ಕವೂ ಹತ್ತರ ಆಸುಪಾಸಿಗೆ ಇಳಿದಿತ್ತು. ಅವುಗಳಲ್ಲಿ ಹೆಣ್ಣು ಮೂರು. ಆಗ ಅದು ಜಗತ್ತಿನಲ್ಲೇ ಅತ್ಯಂತ ವಿರಳವಾದ ಗಿಣಿ ಎನಿಸಿತ್ತು. ದ್ವೀಪದ ಮೂಲ ಕಾಡು ಕಬ್ಬಿಗೂ ಚಹಾಕ್ಕೂ ಬಲಿಯಾಗಿ ನೂರಕ್ಕೆ ಎರಡರಷ್ಟೂ ಒಳ್ಳೆಯ ಸ್ಥಿತಿಯಲ್ಲಿ ಉಳಿದಿರಲಿಲ್ಲ. ತಿನ್ನಲು ಹಣ್ಣಿಲ್ಲ, ಮೊಟ್ಟೆಯಿಡಲು ಪೊಟರೆಯಿಲ್ಲ. ಇದ್ದ ಪೊಟರೆಗೆ ಹಡಗುಗಳಲ್ಲಿ ಬಂದ ಇಲಿ, ಹೊರಗಿನಿಂದ ತಂದ ಮಂಗ ನುಗ್ಗುತ್ತಿದ್ದವು. ಇದಿಷ್ಟೂ ಸಾಲದೆಂಬಂತೆ ಪೊಟರೆಗಾಗಿ ಕಾದಾಡಲು ಇನ್ನೊಂದು ಗಿಣಿಯೂ ಬಂದಿತ್ತು. ಸುಮಾರು 1886ರಲ್ಲಿ ದ್ವೀಪ ಸೇರಿದ ಆ ಗಿಣಿ ಬೇರೆ ಯಾವುದೂ ಅಲ್ಲ, ನಮ್ಮ ಇದೇ ರಾಘೂ. ಮನುಷ್ಯ ಸಾಗಿಸಿದ ಹಕ್ಕಿ ಅಲ್ಲಿ ಹೆಚ್ಚಿತು; ಅಲ್ಲಿಯೇ ಹುಟ್ಟಿದ ಅದರ ಬಂಧು ಅಳಿಯುತ್ತ ಬಂತು. ಪಂಜರದ ವ್ಯಾಪಾರ ಎರಡು ತುದಿಯಲ್ಲೂ ಕೊಲ್ಲುತ್ತದೆ: ಹಿಡಿದ ಕಾಡಿನಲ್ಲಿ ಹಕ್ಕಿ ಕಡಿಮೆಯಾಗುತ್ತದೆ, ಬಿಟ್ಟ ಊರಿನಲ್ಲಿ ಬೇರೆ ಹಕ್ಕಿಯ ಜಾಗ ಹೋಗುತ್ತದೆ.

ವೇಲ್ಸಿನ ಜೀವವಿಜ್ಞಾನಿ ಕಾರ್ಲ್ ಜೋನ್ಸ್ 1979ರಲ್ಲಿ ಮಾರಿಷಸ್ಸಿಗೆ ಬಂದಾಗ ಅವರ ಮೊದಲ ಗಮನ ಅಲ್ಲಿನ ಚಾಣ ಹಕ್ಕಿಯ ಮೇಲಿತ್ತು. 1974ರಲ್ಲಿ ಆ ಚಾಣ ಕಾಡಿನಲ್ಲಿ ನಾಲ್ಕೇ ನಾಲ್ಕು ಇದ್ದವು. ಅದನ್ನು ಉಳಿಸಿಕೊಳ್ಳುತ್ತ ಕಲಿತ ಕೆಲಸವನ್ನೇ ಅವರು ಮತ್ತು 1984ರಲ್ಲಿ ಆರಂಭವಾದ ಮಾರಿಷಸ್ ವನ್ಯಜೀವಿ ಪ್ರತಿಷ್ಠಾನದವರು ಗಿಣಿಗೂ ಮಾಡಿದರು. ಏನು ಮಾಡಿದರು ಎಂಬುದನ್ನು ತುಸು ವಿವರವಾಗಿಯೇ ಹೇಳಬೇಕು. ಒಂದು ಜಾತಿಯನ್ನು ಅಂಚಿನಿಂದ ಹಿಂದಕ್ಕೆಳೆಯಲು ಎಷ್ಟು ದುಡಿಮೆ ಬೇಕೆಂಬುದು ವಿವರದಲ್ಲೇ ತಿಳಿಯುತ್ತದೆ.

ಎಕೋ ಗಿಣಿ ಎರಡರಿಂದ ನಾಲ್ಕು ಮೊಟ್ಟೆ ಇಡುತ್ತದೆ. ಆದರೆ ಬಡಕಲು ಕಾಡಿನಲ್ಲಿ ತಾಯಿ–ತಂದೆಗೆ ಒಂದು ಮರಿಯನ್ನು ಸಾಕುವುದೇ ದೊಡ್ಡ ಮಾತು. ಉಳಿದವು ಹಸಿವಿನಿಂದ ಸಾಯುತ್ತಿದ್ದವು. ಹೀಗಾಗಿ ಕಾರ್ಯಕರ್ತರು ಮರ ಹತ್ತಿ ಪ್ರತಿ ಗೂಡನ್ನೂ ಪರೀಕ್ಷಿಸುತ್ತ, ಸೊರಗಿದ ಮರಿಯನ್ನು ಎತ್ತಿ ತಂದು ಕೈತುತ್ತು ಕೊಟ್ಟು ಬೆಳೆಸಿದರು. ಮೊಟ್ಟೆ ಹಾಳಾದ ಗೂಡಿಗೆ ಬೇರೆ ಗೂಡಿನ ಮರಿಯನ್ನು ತಂದಿಟ್ಟರು. ಆ ಜೋಡಿ ಅದನ್ನು ತನ್ನದೆಂದೇ ಸಾಕಿತು. ಮರಿಗಳ ರಕ್ತ ಹೀರುವ ನೊಣದ ಹುಳುಗಳಿಂದ ಕಾಪಾಡಲು ಪೊಟರೆಯ ಹಾಸಿಗೆ ಬದಲಿಸಿದರು, ಔಷಧ ಹಾಕಿದರು. ಮಳೆನೀರು ನುಗ್ಗುವ ಪೊಟರೆಗೆ ಮರೆ ಕಟ್ಟಿದರು. ಇಲಿಗೆ ವಿಷವಿಟ್ಟರು. ಕಾಡಿನಲ್ಲಿ ಆಹಾರದ ಪೆಟ್ಟಿಗೆ ನೆಟ್ಟರು. ಕಾಡಿನಲ್ಲೇ ಬೆಳೆದ ಹಕ್ಕಿಗಳು ಮೊದಲಿಗೆ ಅತ್ತ ಸುಳಿಯಲಿಲ್ಲ.

ಕೈತುತ್ತು ತಿಂದು ಬೆಳೆದ ಗಿಣಿಗಳನ್ನು 1997ರಲ್ಲಿ ಕಾಡಿಗೆ ಬಿಡಲು ಶುರುಮಾಡಿದರು. ಅವಕ್ಕೆ ಮನುಷ್ಯರ ಭಯವಿರಲಿಲ್ಲ, ನೆಲದ ಮೇಲಿನ ಮುಂಗುಸಿಯ ಭಯವೂ ಇರಲಿಲ್ಲ. ಆ ಮುಂಗುಸಿಯೂ ಇಲಿ ಹಿಡಿಯಲೆಂದು ಭಾರತದಿಂದಲೇ ಒಯ್ದದ್ದು. ಪಂಜರದಲ್ಲಿ ಕಳೆದ ಬಾಲ್ಯದಲ್ಲಿ ಹಕ್ಕಿ ಏನೇನು ಕಲಿಯದೇ ಉಳಿಯುತ್ತದೆ ಎಂಬುದು ಅಲ್ಲಿ ಕಣ್ಣಿಗೆ ಕಟ್ಟುವಂತೆ ಕಂಡಿತು. ಎಳೆಯ ವಯಸ್ಸಿನಲ್ಲೇ, ರೆಕ್ಕೆ ಬಲಿಯುತ್ತಿದ್ದಂತೆಯೇ ಬಿಟ್ಟರೆ ಅವು ಕಾಡಿನ ಹಕ್ಕಿಗಳ ಜೊತೆ ಬೆರೆತು ಕಲಿಯುತ್ತವೆ ಎಂಬುದು ತಿಳಿಯಿತು. ಬಿಟ್ಟ ಹಕ್ಕಿಗಳು ಪೆಟ್ಟಿಗೆಯಿಂದ ತಿನ್ನುವುದನ್ನು ನೋಡಿ ಕಾಡಿನವೂ ತಿನ್ನಲು ಬಂದವು. 1994ರಲ್ಲಿ ಬ್ಲ್ಯಾಕ್ ರಿವರ್ ಗಾರ್ಜಸ್ ರಾಷ್ಟ್ರೀಯ ಉದ್ಯಾನವಾಗಿ ಉಳಿದ ಕಾಡಿಗೆ ರಕ್ಷಣೆ ಸಿಕ್ಕಿತ್ತು. ಮುಂದಿನ ದಶಕದ ನಡುವೆ ಗಿಣಿಗಳ ಕೊಕ್ಕು–ಗರಿ ಕೊಳೆಯುವ ವೈರಸ್ ರೋಗ ಹರಡಿ, ಗೂಡಿಂದ ಗೂಡಿಗೆ ಮರಿ ಸಾಗಿಸುವ ಕೆಲಸವನ್ನೇ ನಿಲ್ಲಿಸಬೇಕಾಯಿತು. ಆದರೂ ಗೂಡುಪೆಟ್ಟಿಗೆ ಮತ್ತು ಆಹಾರದ ಆಸರೆಯಲ್ಲಿ ಸಂಖ್ಯೆ ಏರುತ್ತಲೇ ಹೋಯಿತು. ಇಂದು ಮಾರಿಷಸ್ಸಿನ ಕಾಡಿನಲ್ಲಿ ಏಳುನೂರಕ್ಕೂ ಹೆಚ್ಚು ಎಕೋ ಗಿಣಿಗಳಿವೆ. ಕೆಂಪು ಪಟ್ಟಿಯಲ್ಲಿ ‘ತೀವ್ರ ಅಳಿವಿನಂಚು’ ಎಂಬ ವರ್ಗದಿಂದ ಅದು ಎರಡು ಹಂತ ಸುರಕ್ಷತೆಯ ಕಡೆಗೆ ಸರಿದಿದೆ.

ಹತ್ತು ಹಕ್ಕಿ ಏಳುನೂರಾಗಲು ಸುಮಾರು ಮೂವತ್ತು ವರ್ಷ ಹಿಡಿಯಿತು. ವಿಜ್ಞಾನಿಗಳ ಒಂದಿಡೀ ತಲೆಮಾರಿನ ಆಯುಷ್ಯ ಹೋಯಿತು. ನಿಂತ ಮರವನ್ನು ನಿಂತಂತೆಯೇ ಬಿಡುವುದಕ್ಕೆ ಇದರ ಸಾವಿರದಲ್ಲೊಂದು ಪಾಲು ಖರ್ಚೂ ಇಲ್ಲ.

ಮಾರಿಷಸ್ಸಿನ ಗಿಣಿಗೆ ಇಲ್ಲದಂತಾದ ಪೊಟರೆಯನ್ನೇ ನಾವು ಪುಣೆಯಲ್ಲಿ ದಿನದಿನವೂ ಕಳೆದುಕೊಳ್ಳುತ್ತಿದ್ದೇವೆ. ಗಿಣಿ ಗೂಡು ಕಟ್ಟುವ ಹಕ್ಕಿಯಲ್ಲ. ಕಡ್ಡಿ, ನಾರು ತರುವುದಿಲ್ಲ, ಹೆಣೆಯುವುದಿಲ್ಲ. ಮರಕುಟಿಗವೋ ಕುಟ್ರುಹಕ್ಕಿಯೋ ಕೊರೆದು ಬಿಟ್ಟ ತೂತನ್ನು ಕೊಕ್ಕಿನಿಂದ ಅಗಲಿಸಿಕೊಳ್ಳುತ್ತದೆ, ಇಲ್ಲವೇ ಕೊಂಬೆ ಮುರಿದ ಜಾಗದಲ್ಲಿ ಕೊಳೆತು ಆದ ಪೊಟರೆಯನ್ನು ಹುಡುಕುತ್ತದೆ. ಹಳೆಯ ವಾಡೆಗಳ ಗೋಡೆಯ ಬಿರುಕೂ ಆದೀತು. ಚಳಿಗಾಲದ ಕೊನೆಯಿಂದ ಬೇಸಿಗೆಯವರೆಗೆ ಮೊಟ್ಟೆ–ಮರಿಯ ಕಾಲ. ಮೊಟ್ಟೆ ಒಡೆಯಲು ಮೂರು ವಾರಕ್ಕೆ ಸ್ವಲ್ಪ ಹೆಚ್ಚು, ಮರಿ ಹಾರಲು ಮತ್ತೆ ಆರೇಳು ವಾರ. ಅಷ್ಟು ಕಾಲವೂ ಆ ಪೊಟರೆ ಅದರ ಕೈತಪ್ಪಬಾರದು. ಆದರೆ ಅದೇ ಪೊಟರೆಗೆ ಗೊರವಂಕ ಕಾದಿರುತ್ತದೆ, ಹಾಲಕ್ಕಿ ಕಾದಿರುತ್ತದೆ, ಅಳಿಲು ಕಾದಿರುತ್ತದೆ. ಪುಣೆಯ ರಸ್ತೆಬದಿಯ ಮರಗಳಲ್ಲೂ ಕಾಣಸಿಗುವ ಬೂದು ಮಂಗಟ್ಟೆಗೆ ಇನ್ನೂ ದೊಡ್ಡ ಪೊಟರೆಯೇ ಬೇಕು. ಅದರ ಹೆಣ್ಣು ಒಳಗೆ ಕೂತು ಬಾಗಿಲು ಮುಚ್ಚಿಕೊಂಡು ಬಾಣಂತನ ಮುಗಿಸುತ್ತದೆ.

ಇಂಥ ಪೊಟರೆ ಆಗುವುದು ಎಳೆಯ ಗಿಡದಲ್ಲಲ್ಲ. ಆಲ, ಮಾವು, ಅತ್ತಿ, ಮಳೆಮರಗಳು ಐವತ್ತು–ನೂರು ವರ್ಷ ಬದುಕಿ, ಅವುಗಳ ಒಂದೆರಡು ಕೊಂಬೆ ಸತ್ತಾಗ ಆಗುವಂಥದ್ದು. ನಮ್ಮ ನಗರಗಳಲ್ಲಿ ಮೊದಲು ಕೊಡಲಿ ಬೀಳುವುದು ಇಂಥ ಕೊಂಬೆಗೇ. ಮಳೆಗಾಲಕ್ಕೆ ಮುಂಚೆ ಒಣಗಿದ ಟೊಂಗೆ ಕತ್ತರಿಸುವಾಗ ಯಾರೂ ಒಳಗೆ ಏನಿದೆ ಎಂದು ನೋಡುವುದಿಲ್ಲ. ಜನರ ತಲೆಯ ಮೇಲೆ ಬೀಳುವಂಥದ್ದನ್ನು ಕಡಿಯಲೇಬೇಕು, ಸರಿ. ಆದರೆ ಉದ್ಯಾನದ ಮೂಲೆಯಲ್ಲಿ, ಕಾಲೇಜಿನ ಹಿಂಬದಿಯಲ್ಲಿ, ಗುಡ್ಡದ ಇಳಿಜಾರಿನಲ್ಲಿ ನಿಂತ ಸತ್ತ ಮರದಿಂದ ಯಾರಿಗೆ ತೊಂದರೆ? ಮಹಾರಾಷ್ಟ್ರದ ನಗರ ಮರ ಸಂರಕ್ಷಣಾ ಕಾಯ್ದೆ 1975ರಷ್ಟು ಹಳೆಯದು. 2021ರ ತಿದ್ದುಪಡಿಯಲ್ಲಿ ಐವತ್ತು ವರ್ಷ ದಾಟಿದ ಮರಗಳಿಗೆ ಪಾರಂಪರಿಕ ಮರವೆಂಬ ಸ್ಥಾನವೂ ಸಿಕ್ಕಿದೆ. ಇದು ಒಳ್ಳೆಯ ಹೆಜ್ಜೆ. ಆದರೆ ಕಡಿದ ಹಳೆಯ ಮರಕ್ಕೆ ಬದಲಾಗಿ ಸಸಿ ನೆಡುತ್ತೇವೆ ಎಂಬ ಲೆಕ್ಕ ಪೊಟರೆಯ ಹಕ್ಕಿಗಳ ಮಟ್ಟಿಗೆ ಲೆಕ್ಕವೇ ಅಲ್ಲ. ಇವತ್ತು ನೆಟ್ಟ ಸಸಿಯಲ್ಲಿ ಗಿಣಿ ಮೊಟ್ಟೆಯಿಡುವ ಹೊತ್ತಿಗೆ ನೆಟ್ಟವರ ಮೊಮ್ಮಕ್ಕಳು ಮುದುಕರಾಗಿರುತ್ತಾರೆ.

ಪುಣೆಯ ಜನ ಇದಕ್ಕಾಗಿ ಬೀದಿಗಿಳಿದಿದ್ದಾರೆ ಎಂಬುದನ್ನೂ ಹೇಳಬೇಕು. ವೇತಾಳ ಟೇಕಡಿ ಗುಡ್ಡದ ಮೇಲೆ ಹಾಯುವ ರಸ್ತೆಯ ಯೋಜನೆಗೆ, ಮುಳಾ–ಮುಠಾ ನದಿತೀರದ ಕಾಮಗಾರಿಗೆ, ಗಣೇಶಖಿಂಡ ರಸ್ತೆಯ ಅಗಲೀಕರಣಕ್ಕೆ ಬಲಿಯಾಗಲಿದ್ದ ಮರಗಳಿಗಾಗಿ ಇಲ್ಲಿನ ನಾಗರಿಕರು ಮೆರವಣಿಗೆ ಮಾಡಿದರು, ಕೋರ್ಟಿಗೂ ಹೋದರು. ಅದೇ ಗಣೇಶಖಿಂಡದಲ್ಲಿ 1873ರಷ್ಟು ಹಳೆಯದಾದ ಸಸ್ಯೋದ್ಯಾನ, ಅದರ ಹಳೆಯ ಮಾವಿನ ಮರಗಳ ಸಮೇತ, 2020ರಲ್ಲಿ ಜೀವವೈವಿಧ್ಯ ಪಾರಂಪರಿಕ ತಾಣವೆಂದು ಘೋಷಣೆಯಾಯಿತು. ನಗರದ ನಡುವೆ ಇಂಥದ್ದೊಂದು ಉಳಿಯುವುದು ಸಣ್ಣ ಸಂಗತಿಯಲ್ಲ.

ಪೊಟರೆ ಉಳಿದರೂ ಅದರೊಳಗಿನ ಮರಿ ಉಳಿಯುವ ಖಾತ್ರಿಯಿಲ್ಲ. ಮಾತು ಕಲಿಯಬೇಕಾದರೆ ಗಿಣಿ ಮರಿಯಾಗಿರುವಾಗಲೇ ಮನುಷ್ಯನ ಕೈಗೆ ಬರಬೇಕು ಎಂದು ಕೊಳ್ಳುವವರು ಬಯಸುತ್ತಾರೆ. ಹಾಗಾಗಿ ಹಿಡಿಯುವವರು ಮರ ಹತ್ತುವುದು ಮರಿಗಳ ಕಾಲದಲ್ಲಿಯೇ. ಕೈ ಒಳಗೆ ಹೋಗದಿದ್ದರೆ ಪೊಟರೆಯನ್ನೇ ಒಡೆಯುತ್ತಾರೆ. ಮುಂದಿನ ವರ್ಷ ಅಲ್ಲಿ ಯಾವ ಹಕ್ಕಿಯೂ ಸಂಸಾರ ಹೂಡಲಾರದು. ಬಟ್ಟೆ ಮುಚ್ಚಿದ ಬುಟ್ಟಿಗಳಲ್ಲಿ, ಬಸ್ಸಿನ ಸೀಟಿನಡಿ, ರೈಲಿನಲ್ಲಿ ಒತ್ತೊತ್ತಾಗಿ ತುಂಬಿ ಸಾಗಿಸುವಾಗ ಎಷ್ಟೋ ಮರಿಗಳು ದಾರಿಯಲ್ಲೇ ಸಾಯುತ್ತವೆ. ಬದುಕಿದವು ಮುಂಬಯಿಯ ಕ್ರಾಫರ್ಡ್ ಮಾರ್ಕೆಟ್, ಲಕ್ನೋದ ನಖಾಸ್, ಕೋಲ್ಕತ್ತದ ಗ್ಯಾಲಿಫ್ ಸ್ಟ್ರೀಟಿನಂಥ ಹಕ್ಕಿಪೇಟೆಗಳಿಗೆ ಬರುತ್ತವೆ. ಈಚೆಗೆ ಮೊಬೈಲಿನ ಗುಂಪುಗಳಲ್ಲೂ ಫೋಟೋ ಹಾಕಿ ಮಾರುತ್ತಾರೆ. ಹಕ್ಕಿ ವ್ಯಾಪಾರವನ್ನು ವರ್ಷಗಟ್ಟಲೆ ಬೆನ್ನಟ್ಟಿ ಅಧ್ಯಯನ ಮಾಡಿದ ಅಬ್ರಾರ್ ಅಹ್ಮದ್ ಅವರು ಭಾರತದ ಸುಮಾರು 1,300 ಜಾತಿಯ ಹಕ್ಕಿಗಳಲ್ಲಿ 450ರಷ್ಟು ಮಾರುಕಟ್ಟೆಗೆ ಬರುವುದನ್ನು ಗುರುತಿಸಿದರು. ದೇಶದ 12 ಬಗೆಯ ಗಿಣಿಗಳಲ್ಲಿ 8 ಅಕ್ರಮ ವ್ಯಾಪಾರದಲ್ಲಿ ಪದೇ ಪದೇ ಸಿಗುತ್ತವೆ ಎಂದು ವನ್ಯಜೀವಿ ವ್ಯಾಪಾರದ ಮೇಲೆ ಕಣ್ಣಿಡುವ ಟ್ರಾಫಿಕ್ ಸಂಸ್ಥೆ 2021ರಲ್ಲಿ ಎಚ್ಚರಿಸಿತು.

ಇವುಗಳಲ್ಲಿ ನನಗೆ ಹೆಚ್ಚು ಕಳವಳ ತರುವುದು ಅಲೆಕ್ಸಾಂಡ್ರಿನ್ ಗಿಣಿ. ರಾಘೂಗಿಂತ ದೊಡ್ಡದು, ರೆಕ್ಕೆಯ ಬುಡದಲ್ಲಿ ಕೆಂಪು ಮಚ್ಚೆ. ಮರಾಠಿಯಲ್ಲಿ ‘ಕರಣ ಪೋಪಟ್’. ಚೆನ್ನಾಗಿ ಮಾತನಾಡುತ್ತದೆ ಎಂಬ ಹೆಸರೇ ಅದಕ್ಕೆ ಮುಳುವಾಯಿತು. ಕೆಂಪು ಪಟ್ಟಿಯಲ್ಲಿ ಅದು ಈಗಾಗಲೇ ‘ಅಪಾಯದ ಸಮೀಪ’ ಎಂಬ ವರ್ಗದಲ್ಲಿದೆ. ದೊಡ್ಡ ಹಕ್ಕಿಗೆ ದೊಡ್ಡ ಪೊಟರೆ ಬೇಕು, ದೊಡ್ಡ ಪೊಟರೆಗೆ ಇನ್ನೂ ಹಳೆಯ ಮರ ಬೇಕು. ಮಾರುಕಟ್ಟೆಯಲ್ಲಿ ಅದರ ಮರಿಗೆ ಬೆಲೆಯೂ ಹೆಚ್ಚು. ‘ಇಷ್ಟೊಂದು ಇವೆಯಲ್ಲ’ ಎಂಬ ಮಾತು ಈ ಗಿಣಿಗೆ ಈಗಲೇ ಹೊಂದುವುದಿಲ್ಲ.

ನಮ್ಮ ಕವಿಗಳು ಈ ಹಿಂಸೆಯನ್ನು ಎಂದೋ ಕಂಡಿದ್ದರು. ಬಾಣನ ಕಾದಂಬರಿಯನ್ನು 10ನೇ ಶತಮಾನದ ಕೊನೆಯ ಹೊತ್ತಿಗೆ ಕನ್ನಡಕ್ಕೆ ತಂದ ನಾಗವರ್ಮನ ‘ಕರ್ನಾಟಕ ಕಾದಂಬರಿ’ಯನ್ನು ಓದಿದವರಿಗೆ ವೈಶಂಪಾಯನ ಎಂಬ ಗಿಣಿ ಗೊತ್ತು. ಪಂಪಾ ಸರೋವರದ ಬಳಿಯ ಮುದಿ ಬೂರುಗದ ಮರ, ಅದರ ಪೊಟರೆಗಳಲ್ಲಿ ಗಿಣಿಗಳ ಸಂಸಾರಗಳು. ಒಬ್ಬ ಮುದುಕ ಬೇಡ ಮರ ಹತ್ತಿ ಪೊಟರೆ ಪೊಟರೆಗೆ ಕೈ ಹಾಕಿ ಮರಿಗಳನ್ನು ಎಳೆದು ಕತ್ತು ಹಿಚುಕಿ ಕೆಳಗೆಸೆಯುತ್ತಾನೆ. ತಂದೆ ತನ್ನ ರೆಕ್ಕೆಯ ಅಡಿ ಮುಚ್ಚಿಟ್ಟುಕೊಂಡ ಒಂದೇ ಒಂದು ಮರಿ ಒಣಗೆಲೆಯ ರಾಶಿಯ ಮೇಲೆ ಬಿದ್ದು ಬದುಕುತ್ತದೆ. ಹಾಗೆ ಬದುಕಿದ ಮರಿಯೇ ಮುಂದೆ ಪಂಜರದಲ್ಲಿ ರಾಜನ ಸಭೆಗೆ ಬಂದು ಇಡೀ ಕಥೆ ಹೇಳುವುದು. ಪಂಜರದ ಗಿಣಿಯ ಚಂದದ ಮಾತಿನ ಹಿಂದೆ ಇಂಥ ಒಂದು ಬೆಳಗು ಇರುತ್ತದೆ ಎಂಬುದನ್ನು ಮರೆಯದೆ ಬರೆದವರನ್ನು ನಾವು ಮಹಾಕವಿಗಳೆಂದು ಓದುತ್ತೇವೆ, ಮತ್ತೆ ಹೋಗಿ ಗಿಣಿ ಕೊಳ್ಳುತ್ತೇವೆ.

ಮರ ಹತ್ತುವವರನ್ನಷ್ಟೇ ಬೈದು ಕೂರುವುದೂ ನ್ಯಾಯವಲ್ಲ. ಮಹಾರಾಷ್ಟ್ರದ ಫಾಸೆ ಪಾರಧಿಗಳು, ನಮ್ಮ ಹಕ್ಕಿಪಿಕ್ಕಿಗಳು ತಲೆಮಾರುಗಳಿಂದ ಹಕ್ಕಿ ಹಿಡಿದು ಬದುಕಿದವರು. 1972ರ ಕಾಯ್ದೆ ಅವರ ಕಸುಬನ್ನು ಅಪರಾಧವಾಗಿಸಿತು. ಕೈಗೆ ಬೇರೆ ಕಸುಬು ಕೊಡುವ ಕೆಲಸ ಅದೇ ವೇಗದಲ್ಲಿ ಆಗಲಿಲ್ಲ. ಹಕ್ಕಿಯ ಹೆಜ್ಜೆ, ಕೂಗು, ಗೂಡಿನ ಜಾಗ ಇವರಷ್ಟು ಬಲ್ಲವರು ಅರಣ್ಯ ಇಲಾಖೆಯಲ್ಲೂ ವಿರಳ. ಫಿಲಿಪ್ಪೀನ್ಸಿನ ಪಲಾವಾನ್ ದ್ವೀಪದಲ್ಲಿ ಈ ತಿಳಿವಳಿಕೆಯನ್ನೇ ಕಾವಲಿಗೆ ಬಳಸಿದರು. ತೀವ್ರ ಅಳಿವಿನಂಚಿನಲ್ಲಿರುವ ಅಲ್ಲಿನ ಬಿಳಿ ಕಾಕಟೂ ಗಿಣಿಯ ಮರಿಗಳನ್ನು ಕದಿಯುತ್ತಿದ್ದವರನ್ನೇ ಕಟಾಲಾ ಪ್ರತಿಷ್ಠಾನ ಗೂಡು ಕಾಯುವ ಕೆಲಸಕ್ಕೆ ಸಂಬಳ ಕೊಟ್ಟು ಸೇರಿಸಿಕೊಂಡಿತು. ರಾಸಾ ಎಂಬ ಪುಟ್ಟ ದ್ವೀಪದಲ್ಲಿ 1998ರ ಹೊತ್ತಿಗೆ ಇಪ್ಪತ್ತೈದರ ಆಸುಪಾಸಿನಲ್ಲಿದ್ದ ಕಾಕಟೂಗಳು ಮುಂದೆ ಹಲವು ಪಟ್ಟಾದವು. ನಮ್ಮಲ್ಲೂ ಇದು ಸಾಧ್ಯ. ಅಕೋಲಾ–ವಾಶಿಮ್ ಭಾಗದಲ್ಲಿ ಕೌಸ್ತುಭ ಪಾಂಢರಿಪಾಂಡೆ ಅವರ ‘ಸಂವೇದನಾ’ ಸಂಸ್ಥೆ ಫಾಸೆ ಪಾರಧಿಗಳ ಜೊತೆ ಸೇರಿ ಹುಲ್ಲುಗಾವಲಿನ ಹಕ್ಕಿಗಳನ್ನು ಉಳಿಸುವ ಕೆಲಸ ಮಾಡಿದೆ. ಗಿಣಿಗಳಿಗೂ ಅಂಥದ್ದೊಂದು ಪ್ರಯತ್ನ ಬೇಕು. ಕದಿಯುವ ಕೈಗೆ ಕೋಳ ಹಾಕಿ ಸುಮ್ಮನಾದರೆ ಮುಂದಿನ ಹಂಗಾಮಿಗೆ ಬೇರೆ ಕೈ ಬರುತ್ತದೆ, ಏಕೆಂದರೆ ಕೊಳ್ಳುವವರು ಅಲ್ಲೇ ಇರುತ್ತಾರೆ.

‘ಹಾಗಾದರೆ ವಿದೇಶಿ ಗಿಣಿ ಸಾಕುತ್ತೇವೆ, ಅದು ಕಾನೂನುಬದ್ಧ’ ಎನ್ನುವವರು ಈಗ ಪುಣೆ, ಬೆಂಗಳೂರು ಎರಡರಲ್ಲೂ ಹೆಚ್ಚಾಗಿದ್ದಾರೆ. ಮಕಾವ್, ಬೂದುಗಿಣಿ, ಕಾಕಟೂ, ಹಳದಿ–ಕಿತ್ತಳೆಯ ಸನ್ ಕನ್ಯೂರ್ ಎಲ್ಲವೂ ಅಂಗಡಿಯಲ್ಲಿ ಸಿಗುತ್ತವೆ. ಬಜರಿಗರ್, ಕಾಕಟೀಲ್‌ನಂಥ ಬೆರಳೆಣಿಕೆಯ ಜಾತಿಗಳನ್ನು ಬಿಟ್ಟರೆ ಜಗತ್ತಿನ ಎಲ್ಲ ಗಿಣಿಗಳೂ ಅಂತರರಾಷ್ಟ್ರೀಯ ವ್ಯಾಪಾರ ನಿಯಂತ್ರಿಸುವ ಸೈಟಿಸ್ ಒಪ್ಪಂದದ ಪಟ್ಟಿಯಲ್ಲಿವೆ. 2024ರ ಫೆಬ್ರುವರಿ ಕೊನೆಯಲ್ಲಿ ಕೇಂದ್ರ ಸರ್ಕಾರ ಹೊರಡಿಸಿದ ನಿಯಮಗಳ ಪ್ರಕಾರ, ಆ ಪಟ್ಟಿಯ ಜೀವಿಗಳನ್ನು ಸಾಕಿರುವವರು ಆರು ತಿಂಗಳೊಳಗೆ ‘ಪರಿವೇಶ್’ ಜಾಲತಾಣದಲ್ಲಿ ನೋಂದಾಯಿಸಬೇಕಿತ್ತು. ಹೊಸದಾಗಿ ಪಡೆದರೆ, ಮರಿ ಹಾಕಿದರೆ, ಸತ್ತರೆ, ಬೇರೆಯವರಿಗೆ ಕೊಟ್ಟರೆ ಅದನ್ನೂ ತಿಳಿಸಬೇಕು. ಕಾಗದ ಸರಿಯಿದ್ದರೆ ಸಾಕುವುದು ಅಪರಾಧವಲ್ಲ, ನಿಜ. ಆದರೆ ಕಾಗದ ಕೇಳುವ ಗಿರಾಕಿಗಳು ಎಷ್ಟು? ಅಂಗಡಿಯ ಸನ್ ಕನ್ಯೂರ್ ಅಗ್ಗವಾಗಿ ಸಿಗುವ ಈ ದಿನಗಳಲ್ಲೇ ದಕ್ಷಿಣ ಅಮೆರಿಕದ ತನ್ನ ಕಾಡಿನಲ್ಲಿ ಅದು ಅಳಿವಿನಂಚಿನ ಹಕ್ಕಿ.

ಪಂಜರದಲ್ಲಿ ಎಷ್ಟೇ ಉಳಿದರೂ ಅದು ಕಾಡಿನಲ್ಲಿ ಉಳಿದಂತಾಗುವುದಿಲ್ಲ ಎಂಬುದಕ್ಕೆ ಬ್ರೆಜಿಲಿನ ನೀಲಿ ಸ್ಪಿಕ್ಸ್ ಮಕಾವ್ ಸಾಕ್ಷಿ. ಹೊಳೆದಂಡೆಯ ಕರೈಬಾ ಮರಗಳ ಪೊಟರೆಯನ್ನೇ ನೆಚ್ಚಿದ ಗಿಣಿ ಅದು. ಮರಗಳನ್ನು ಕಡಿದರು, ಹಕ್ಕಿಗಳನ್ನು ಸಂಗ್ರಹಕಾರರಿಗೆ ಮಾರಿದರು. ಕಾಡಿನಲ್ಲಿ ಉಳಿದಿದ್ದ ಕೊನೆಯ ಒಂಟಿ ಗಂಡು 2000ದ ಅಕ್ಟೋಬರಿನಲ್ಲಿ ಕಣ್ಮರೆಯಾಯಿತು. ಪಂಜರಗಳಲ್ಲಿ ಮರಿಮಾಡಿ ಬೆಳೆಸಿದ 52 ಹಕ್ಕಿಗಳನ್ನು 2020ರಲ್ಲಿ ಜರ್ಮನಿಯಿಂದ ಬ್ರೆಜಿಲಿಗೆ ತಂದು, 2022ರಲ್ಲಿ ಮೊದಲು ಎಂಟು, ಆಮೇಲೆ ಹನ್ನೆರಡನ್ನು ಹಾರಬಿಟ್ಟರು. 2025ರಲ್ಲಿ ಅಲ್ಲಿಯೂ ಅದೇ ಕೊಕ್ಕು–ಗರಿ ರೋಗ ಕಾಣಿಸಿಕೊಂಡಿತು. ಕೋಟಿಗಟ್ಟಲೆ ಹಣ, ಖಂಡಾಂತರದ ವಿಮಾನ, ಮಾರಿಷಸ್ಸಿನಲ್ಲಿ ಕಂಡ ಅದೇ ವೈರಸ್ಸು.

ಹೀಗಿರುವುದರಿಂದಲೇ ಪಂಜರದ ಬಾಗಿಲು ತೆಗೆದು ‘ಹೋಗು’ ಎನ್ನುವುದು ದಯೆಯಲ್ಲ. ಅನ್ನ, ಮೆಣಸಿನಕಾಯಿ, ಬಿಸ್ಕತ್ತು ತಿಂದು ಬೆಳೆದ ಗಿಣಿಯ ಮೂಳೆಯಲ್ಲಿ ಸುಣ್ಣದಂಶ ಕಡಿಮೆ. ಎಷ್ಟೋ ಗಿಣಿಗಳ ಹಾರುವ ಗರಿ ಕತ್ತರಿಸಿರುತ್ತಾರೆ. ಅವು ಉದುರಿ ಹೊಸದು ಬರಲು ತಿಂಗಳುಗಟ್ಟಲೆ ಬೇಕು. ಎದೆಯ ಸ್ನಾಯು ಸೊರಗಿರುತ್ತದೆ. ಬೇಸರಕ್ಕೆ ತನ್ನ ಪುಕ್ಕವನ್ನು ತಾನೇ ಕಿತ್ತುಕೊಂಡ ಗಿಣಿಗಳೂ ಉಂಟು. ಅಂಥ ಗಿಣಿಯನ್ನು ಹಾಗೆಯೇ ಬಿಟ್ಟರೆ ಕಾಗೆಗೋ ಬೆಕ್ಕಿಗೋ ಆಹಾರವಾಗುತ್ತದೆ. ಬದುಕಿದರೆ ಪಂಜರದ ರೋಗವನ್ನು ಹೊರಗಿನ ಹಿಂಡಿಗೆ ಹಂಚುತ್ತದೆ. ಮೊದಲು ತಪಾಸಣೆ, ಆಮೇಲೆ ಬೇರೆ ಗಿಣಿಗಳ ಸಹವಾಸ, ದೊಡ್ಡ ಜಾಲರಿಮನೆಯಲ್ಲಿ ಹಾರಾಟದ ಅಭ್ಯಾಸ, ಮನುಷ್ಯನನ್ನು ಕಂಡರೆ ದೂರ ಸರಿಯುವ ಬುದ್ಧಿ. ಇವೆಲ್ಲ ಬಂದ ಮೇಲೆ ಹಿಂಡು ಹಿಂಡಾಗಿ ಬಿಡಬೇಕು. ಪುಣೆಯಲ್ಲಿ ಬಾವಧನ್‌ನ ವನ್ಯಜೀವಿ ಚಿಕಿತ್ಸಾ ಕೇಂದ್ರವನ್ನು ಅರಣ್ಯ ಇಲಾಖೆಯ ಜೊತೆ ರೆಸ್‌ಕ್ಯೂ ಚಾರಿಟಬಲ್ ಟ್ರಸ್ಟ್ ನಡೆಸುತ್ತದೆ. ಕಾತ್ರಜ್ ಮೃಗಾಲಯದಲ್ಲೂ ಅನಾಥ ಪ್ರಾಣಿಗಳ ಆಶ್ರಯವಿದೆ. ಎಲ್ಲ ಹಕ್ಕಿಗಳೂ ಮತ್ತೆ ಹಾರುವುದಿಲ್ಲ. ಕೆಲವು ಕೊನೆಯವರೆಗೂ ಮನುಷ್ಯರ ಆಸರೆಯಲ್ಲೇ ಇರಬೇಕಾಗುತ್ತದೆ.

ಮನೆಯಲ್ಲಿ ಈಗಾಗಲೇ ದೇಶೀ ಗಿಣಿ ಇರುವವರು ಹೆದರಿ ಅದನ್ನು ರಾತ್ರೋರಾತ್ರಿ ಹೊರಗೆ ಬಿಡಬೇಡಿ. ಅರಣ್ಯ ಇಲಾಖೆಯ ಸಹಾಯವಾಣಿಗೆ ಕರೆಮಾಡಿ. ಮಹಾರಾಷ್ಟ್ರದಲ್ಲೂ ಕರ್ನಾಟಕದಲ್ಲೂ ಸಂಖ್ಯೆ 1926. ಮರದಿಂದ ಬಿದ್ದ ಮರಿ ಸಿಕ್ಕರೆ ಮನೆಗೆ ಒಯ್ಯಬೇಡಿ. ಪೊಟರೆ ಕೈಗೆಟುಕಿದರೆ ಅಲ್ಲಿಯೇ ಇಡಿ. ಮನುಷ್ಯ ಮುಟ್ಟಿದ ಮರಿಯನ್ನು ತಾಯಿ ಬಿಟ್ಟುಬಿಡುತ್ತದೆ ಎಂಬುದು ಸುಳ್ಳು. ನಿಮ್ಮ ಸೊಸೈಟಿಯ ಹಳೆಯ ಮರದ ಒಣ ಕೊಂಬೆ ಕಡಿಯಲು ಜನ ಬಂದಾಗ, ಜನವರಿಯಿಂದ ಮೇ ತಿಂಗಳವರೆಗಾದರೂ, ಪೊಟರೆಯೊಳಗೆ ಸಂಸಾರವಿದೆಯೇ ಎಂದು ನೋಡಿದ ಮೇಲೆ ಗರಗಸ ಹಾಕಿಸಿ. ಇನ್ನು, ದಾರಿಬದಿಯಲ್ಲಿ ಬುಟ್ಟಿಯೊಳಗಿನ ಗಿಣಿಮರಿಯನ್ನು ಕಂಡು ಕರುಣೆಯಿಂದ ಕೊಂಡು ಬಿಡಿಸುವವರಿಗೂ ಒಂದು ಮಾತು: ನೀವು ಕೊಟ್ಟ ಹಣ ಮುಂದಿನ ಪೊಟರೆಗೆ ಕೈ ಹಾಕಿಸುತ್ತದೆ. ಕೊಳ್ಳಬೇಡಿ. 1926ಕ್ಕೆ ಫೋನ್ ಮಾಡಿ.